ಕೊನೆಯ ಭಾಗ ನೋಡಬೇಕೋ, ಮೂರಕ್ಕೇ ನಿಲ್ಲಿಸಬೇಕೋ: ನಾಲ್ಕು ಅನಿಮೇಶನ್ ಸರಣಿಗಳ ಹೋಲಿಕೆ

ಮೆಚ್ಚಿದ ಸರಣಿಯ ಕೊನೆಯ ಚಿತ್ರ ಎದುರಿಗಿದ್ದಾಗ ಎರಡು ಅಳುಕು ಇರುತ್ತವೆ. ನೋಡದೆ ಬಿಟ್ಟರೆ ಕತೆ ಅರ್ಧಕ್ಕೇ ನಿಂತಿತಲ್ಲ ಎಂಬುದು ಒಂದು. ನೋಡಿ ಅದು ಸಪ್ಪೆಯಾಗಿದ್ದರೆ ಹಿಂದಿನ ಚಿತ್ರಗಳ ರುಚಿಯೂ ಕೆಡುತ್ತದಲ್ಲ ಎಂಬುದು ಇನ್ನೊಂದು. ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಒಂದು ಸರಣಿಯನ್ನು ಪೂರ್ತಿ ನೋಡಿಬಿಡೋಣ ಎಂದು ಹೊರಟವರು ಹೆಚ್ಚಾಗಿ ತಡವರಿಸುವುದು ಈ ನಾಲ್ಕರ ನಡುವೆ: 'ಹೌ ಟು ಟ್ರೇನ್ ಯುವರ್ ಡ್ರ್ಯಾಗನ್', 'ಟಾಯ್ ಸ್ಟೋರಿ', 'ಕುಂಗ್ ಫು ಪಾಂಡ', 'ಶ್ರೆಕ್'. ಯಾವುದರ ಮುಕ್ತಾಯ ನಂಬಬಹುದು, ಯಾವುದನ್ನು ನಡುವೆಯೇ ನಿಲ್ಲಿಸಿದರೆ ಒಳ್ಳೆಯದು ಎಂದು ನೋಡೋಣ.

ಅಂತ್ಯಗಳನ್ನು ಮುಚ್ಚಿಟ್ಟುಕೊಂಡು ಅಂತ್ಯದ ಬಗ್ಗೆ ಬರೆಯಲಾಗದು. ಕತೆ ತಿಳಿಯದೆಯೇ ನೋಡಬೇಕು ಎನ್ನುವವರು ಮುಂದಿನ ಭಾಗ ಓದಿ, ಅಲ್ಲಿಂದ ನೇರವಾಗಿ 'ಯಾರಿಗೆ ಯಾವುದು' ಎಂಬಲ್ಲಿಗೆ ಹೋಗಿಬಿಡಿ.

ಯಾವುದರಿಂದ ಅಳೆಯುವುದು

'ಕೊನೆಯದು' ಎಂಬ ಮಾತನ್ನೇ ಮೊದಲು ಅನುಮಾನದಿಂದ ನೋಡಿ. 2010ರ 'ಶ್ರೆಕ್ ಫಾರೆವರ್ ಆಫ್ಟರ್' ಬಂದದ್ದೇ ಕೊನೆಯ ಅಧ್ಯಾಯ ಎಂಬ ಡಂಗುರದೊಂದಿಗೆ. ಈಗ ಐದನೆಯದು ಘೋಷಣೆಯಾಗಿದೆ. 'ಟಾಯ್ ಸ್ಟೋರಿ' 2010ರಲ್ಲಿ ಒಮ್ಮೆ ಮುಗಿಯಿತು, 2019ರಲ್ಲಿ ಇನ್ನೊಮ್ಮೆ ಮುಗಿಯಿತು, ಆಮೇಲೆ ಐದನೆಯದಕ್ಕೆ 2026ರ ಜೂನ್ ತಿಂಗಳು ಗೊತ್ತಾಯಿತು. ಹಾಗಾಗಿ ಸ್ಟುಡಿಯೋ ಎಲ್ಲಿ ಮಂಗಳ ಹಾಡಿತು ಎನ್ನುವುದಕ್ಕಿಂತ ಕತೆ ತಾನಾಗಿ ಎಲ್ಲಿ ಮುಗಿಯಿತು ಎನ್ನುವುದನ್ನು ನೋಡಬೇಕು.

ಅದಕ್ಕೆ ಮುಖ್ಯ ಅಳತೆ ಒಂದೇ: ಮೊದಲ ಚಿತ್ರ ಎತ್ತಿದ ಪ್ರಶ್ನೆಗೆ ಕೊನೆಯ ಚಿತ್ರ ಉತ್ತರ ಕೊಟ್ಟಿದೆಯೇ? ಎರಡನೆಯದು, ಆ ಉತ್ತರಕ್ಕೆ ಪಾತ್ರಗಳು ಏನಾದರೂ ಕಳೆದುಕೊಳ್ಳುತ್ತವೆಯೇ, ಅಥವಾ ಕೊನೆಗೆ ಎಲ್ಲವೂ ಮೊದಲಿದ್ದಂತೆಯೇ ಆಗುತ್ತದೆಯೇ? ಮೂರನೆಯದು, ಹಿಂದಿನ ಚಿತ್ರಗಳಲ್ಲಿ ನಾವು ಹಚ್ಚಿಕೊಂಡ ಪಾತ್ರಗಳಿಗೆ ಕೆಲಸ ಉಳಿದಿದೆಯೇ, ಇಲ್ಲವೇ ಮೂಲೆಗುಂಪಾಗಿವೆಯೇ? ಖಳನ ಗಟ್ಟಿತನವನ್ನು ನಾವು ಇವುಗಳ ಕೆಳಗೆ ಇಡುತ್ತೇವೆ. ಸರಣಿಯ ಕೊನೆಯ ಚಿತ್ರಗಳಲ್ಲಿ ಖಳ ಸಾಮಾನ್ಯವಾಗಿ ನೆಪ ಮಾತ್ರ. ಇನ್ನು ಹೊತ್ತು ಮತ್ತು ದುಡ್ಡಿನ ಲೆಕ್ಕ, ಅದನ್ನು ಕೊನೆಯಲ್ಲಿ ಹೇಳಿದೆ.

'ಹೌ ಟು ಟ್ರೇನ್ ಯುವರ್ ಡ್ರ್ಯಾಗನ್': ಖಳ ಸೋತ, ಚಿತ್ರ ಗೆದ್ದಿತು

2010ರ ಮೊದಲ ಚಿತ್ರ ನಿಂತಿರುವುದೇ ಒಂದು ಊನದ ಮೇಲೆ. ವೈಕಿಂಗ್ ಹುಡುಗ ಹಿಕಪ್ ಬಲೆ ಬೀಸಿ ಕೆಡವಿದ ಟೂತ್‌ಲೆಸ್ ಎಂಬ ಡ್ರ್ಯಾಗನ್‌ಗೆ ಬಾಲದ ಒಂದು ಬದಿಯ ರೆಕ್ಕೆ ಹೋಗಿಬಿಡುತ್ತದೆ. ಅವನು ಬದಲಿ ರೆಕ್ಕೆ ಕಟ್ಟಿಕೊಡುತ್ತಾನೆ ನಿಜ, ಆದರೆ ಅದು ಬಿಚ್ಚಿ ಮಡಚಬೇಕಾದರೆ ಪೆಡಲ್ ಮೇಲೆ ಅವನ ಕಾಲಿರಬೇಕು. ಅವನಿಲ್ಲದೆ ಡ್ರ್ಯಾಗನ್ ಹಾರಲಾರದು. ಚಿತ್ರ ಮುಗಿಯುವಾಗ ಹಿಕಪ್‌ನ ಎಡಗಾಲೂ ಹೋಗಿರುತ್ತದೆ, ಇಬ್ಬರೂ ಸಮಸಮ. ಇದು ಸ್ನೇಹವೋ, ಒಬ್ಬರಿಗೊಬ್ಬರು ಊರುಗೋಲಾಗಿರುವ ಅನಿವಾರ್ಯವೋ? ಸರಣಿಯ ಪ್ರಶ್ನೆ ಇದು.

2011ರ ಕಿರುಚಿತ್ರ 'ಗಿಫ್ಟ್ ಆಫ್ ದಿ ನೈಟ್ ಫ್ಯೂರಿ' ಇದಕ್ಕೆ ಒಂದು ಉತ್ತರ ಕೊಟ್ಟಿತ್ತು. ಹಿಕಪ್ ತಾನಾಗಿ ಆಡುವ ಬಾಲ ಮಾಡಿಕೊಟ್ಟರೆ ಟೂತ್‌ಲೆಸ್ ಅದನ್ನು ಒಡೆದುಹಾಕಿ ಹಳೆಯ ಪೆಡಲ್ ಬಾಲವನ್ನೇ ಬಯಸುತ್ತದೆ. 2019ರ ಮೂರನೆಯ ಚಿತ್ರ 'ದಿ ಹಿಡನ್ ವರ್ಲ್ಡ್'ನಲ್ಲಿ ಮತ್ತೆ ತಾನಾಗಿ ಆಡುವ ಬಾಲ ಬರುತ್ತದೆ. ಈ ಸಲ ಟೂತ್‌ಲೆಸ್ ಒಪ್ಪಿಕೊಳ್ಳುತ್ತದೆ, ಏಕೆಂದರೆ ಲೈಟ್ ಫ್ಯೂರಿ ಎಂಬ ಬಿಳಿಯ ಹೆಣ್ಣು ಡ್ರ್ಯಾಗನ್‌ನ ಹಿಂದೆ ಹಾರಬೇಕಾಗಿದೆ. ಹಿಕಪ್ ತನ್ನ ಕೈಯಾರೆ ಬಾಲ ಕಟ್ಟಿಕೊಟ್ಟು ಗೆಳೆಯನನ್ನು ಬಿಟ್ಟುಕೊಡುತ್ತಾನೆ. ಅಗಲಿಕೆಯ ದೃಶ್ಯ ಕೊನೆಯಲ್ಲಿ ಬರುತ್ತದಾದರೂ ನಿಜವಾಗಿ ಅಗಲುವುದು ಆ ಬಾಲದ ತಿರುಪು ಬಿಗಿಯುವಾಗಲೇ. ಕಿರುಚಿತ್ರ ನೋಡಿದವರಿಗೆ ಈ ಸಣ್ಣ ಸಂಗತಿ ಎರಡು ಪಟ್ಟು ತಟ್ಟುತ್ತದೆ. ಆದ್ದರಿಂದ ಮೂರನೆಯದಕ್ಕೆ ಮುಂಚೆ ಆ ಇಪ್ಪತ್ತು ಚಿಲ್ಲರೆ ನಿಮಿಷ ಕೊಡುವುದು ಲಾಭ.

ಡೀನ್ ಡಿಬ್ಲಾಯ್ಸ್ ಮೊದಲ ಚಿತ್ರವನ್ನು ಕ್ರಿಸ್ ಸ್ಯಾಂಡರ್ಸ್ ಜತೆ ನಿರ್ದೇಶಿಸಿದರು, ಉಳಿದೆರಡನ್ನು ಒಬ್ಬರೇ. ಹೀಗೆ ಮೂರೂ ಚಿತ್ರಗಳ ಮೇಲೆ ಒಂದೇ ಕೈ ಇರುವುದರಿಂದ ಮುಕ್ತಾಯ ಹೊಲಿದು ಹಚ್ಚಿದಂತೆ ಕಾಣುವುದಿಲ್ಲ. ಕ್ರೆಸಿಡಾ ಕೋವೆಲ್ ಅವರ ಮೂಲ ಪುಸ್ತಕಗಳ ಕತೆಯೇ ಬೇರೆ, ಅಲ್ಲಿನ ಟೂತ್‌ಲೆಸ್ ಒಂದು ಪುಟಾಣಿ ಜೀವ. ಆದರೆ 'ನಾನು ಹುಡುಗನಾಗಿದ್ದಾಗ ಡ್ರ್ಯಾಗನ್‌ಗಳಿದ್ದವು' ಎಂದು ವಯಸ್ಸಾದ ಹಿಕಪ್ ನೆನೆಯುವ ಧಾಟಿ ಆ ಪುಸ್ತಕಗಳದೇ. ಹಾಗಾದರೆ ಈಗ ಏಕಿಲ್ಲ ಎಂಬುದಕ್ಕೆ ಚಿತ್ರ ಉತ್ತರ ಹುಡುಕುತ್ತದೆ.

ಎಲ್ಲಿ ಎಡವುತ್ತದೆ? ಮೊದಲನೆಯದು, ಖಳ ಗ್ರಿಮ್ಮೆಲ್. ಟೂತ್‌ಲೆಸ್‌ನ ಜಾತಿಯಾದ ನೈಟ್ ಫ್ಯೂರಿಗಳನ್ನೆಲ್ಲ ಕೊಂದವನು ತಾನೇ ಎಂದು ಕೊಚ್ಚಿಕೊಳ್ಳುವ ಈ ಬೇಟೆಗಾರ ಮಾತಿನಲ್ಲಿ ಚುರುಕು, ಆದರೆ ಅವನಿಗೊಂದು ಹಿನ್ನೆಲೆಯಿಲ್ಲ. ಊರಿನವರ ಹೊಸ ನೆಲೆ ಅವನಿಗೆ ಗೊತ್ತಾಗುವುದು, ಸೆರೆಹಿಡಿದು ಬಿಟ್ಟುಕಳಿಸಿದ ಹಿಕಪ್‌ನ ಗೆಳತಿ ರಫ್‌ನಟ್‌ಳ ಹಿಂದೆ ಹೋಗಿ. ನಗೆಗೆಂದು ಇಟ್ಟ ಪಾತ್ರದ ಹೆಗಲಿಗೆ ಕತೆಯ ದೊಡ್ಡ ತಿರುವನ್ನು ಹೊರಿಸಿದ್ದು ಸೋಮಾರಿತನ. ಎರಡನೆಯದು ಇನ್ನೂ ಗಂಭೀರ. 104 ನಿಮಿಷಗಳಲ್ಲಿ ಟೂತ್‌ಲೆಸ್‌ನ ಪ್ರೇಮ, ಇಡೀ ಬರ್ಕ್ ಊರು ಗುಳೆ ಹೋಗುವುದು, ಹಿಕಪ್ ಮತ್ತು ಆಸ್ಟ್ರಿಡ್‌ರ ಮದುವೆಯ ಮಾತು, ಬೇಟೆಗಾರರ ಕಾಟ ಎಲ್ಲವನ್ನೂ ತುಂಬಿದ್ದಾರೆ. ಹೀಗಾಗಿ 'ಮನುಷ್ಯರ ನಡುವೆ ಡ್ರ್ಯಾಗನ್‌ಗಳಿಗೆ ಉಳಿಗಾಲವಿಲ್ಲ' ಎಂಬ ತೀರ್ಮಾನ ಬೇಗ ಬಂದುಬಿಡುತ್ತದೆ. ಎರಡನೆಯ ಚಿತ್ರದಲ್ಲಿ ಅಷ್ಟೊಂದು ಘನವಾಗಿ ಬಂದ ತಾಯಿ ವಲ್ಕಾ ಇಲ್ಲಿ ಕಾವಲು ಕಾಯುವುದಕ್ಕಷ್ಟೇ ಸೀಮಿತ. ನಿರಾಶೆಯಾಯಿತು ಎನ್ನುವವರ ದೂರಿನಲ್ಲಿ ಹುರುಳಿದೆ.

ಆದರೂ ಮುಖ್ಯ ಅಳತೆಯಲ್ಲಿ ಇದು ನಿಲ್ಲುತ್ತದೆ. ಟೂತ್‌ಲೆಸ್ ಬಾಯಲ್ಲಿ ಕೊಂಬೆ ಕಚ್ಚಿ ಮರಳಿನ ಮೇಲೆ ಲೈಟ್ ಫ್ಯೂರಿಯ ಚಿತ್ರ ಬಿಡಿಸುವ ದೃಶ್ಯ ಮೊದಲ ಚಿತ್ರದ ಗೀಚಾಟವನ್ನು ಎತ್ತಿಕೊಂಡು ಮುಂದಕ್ಕೆ ಒಯ್ಯುತ್ತದೆ. ಪೊದೆಯ ಹಿಂದೆ ನಿಂತ ಹಿಕಪ್ ಕೈಕಾಲು ಆಡಿಸಿ ಹೇಳಿಕೊಡುವ ಕುಣಿತಕ್ಕೆ ಮಾತೇ ಬೇಕಿಲ್ಲ. ವರ್ಷಗಳಾದ ಮೇಲೆ ಗಡ್ಡ ಬಿಟ್ಟ ಹಿಕಪ್ ಹಡಗಿನಲ್ಲಿ ಬಂದು, ಮೊದಲ ದಿನದಂತೆಯೇ ಮುಖ ತಿರುಗಿಸಿ ಅಂಗೈ ಚಾಚುತ್ತಾನಲ್ಲ, ಅಲ್ಲಿ ಮೂರು ಚಿತ್ರಗಳ ಲೆಕ್ಕ ಚುಕ್ತಾ. ಮೊದಲ ಚಿತ್ರಕ್ಕೆ 16.5 ಕೋಟಿ ಡಾಲರ್, ಎರಡನೆಯದಕ್ಕೆ 14.5 ಕೋಟಿ, ಇದಕ್ಕೆ 12.9 ಕೋಟಿ. ಖರ್ಚು ಇಳಿದರೂ ನೋಟ ಏರಿದೆ. ಮೂನ್‌ರೇ ಎಂಬ ರೆಂಡರಿಂಗ್ ತಂತ್ರಾಂಶ (ದೃಶ್ಯಕ್ಕೆ ಬೆಳಕು, ನೆರಳು ಲೆಕ್ಕಹಾಕಿ ಚಿತ್ರವಾಗಿಸುವುದು) ಬಳಸಿದ ಡ್ರೀಮ್‌ವರ್ಕ್ಸ್‌ನ ಮೊದಲ ಪೂರ್ಣ ಪ್ರಮಾಣದ ಚಿತ್ರ ಇದು. ಮರಳು, ಮಂಜು, ಪಂಜಿನ ಬೆಳಕಿನಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

'ಟಾಯ್ ಸ್ಟೋರಿ': ಒಂದೇ ಕತೆಗೆ ಎರಡು ಮುಕ್ತಾಯ

ಇಲ್ಲಿ ಆಯ್ಕೆ ನಿಜಕ್ಕೂ ಕಷ್ಟ. ಏಕೆಂದರೆ ಮೂರನೆಯದೂ ಒಳ್ಳೆಯ ಚಿತ್ರ, ನಾಲ್ಕನೆಯದೂ ಒಳ್ಳೆಯ ಚಿತ್ರ, ಆದರೆ ಎರಡೂ ಒಟ್ಟಿಗೆ ಒಂದೇ ಸರಣಿಯ ಅಂತ್ಯವಾಗಲಾರವು.

1999ರ ಎರಡನೆಯ ಚಿತ್ರದಲ್ಲಿ ಮುದುಕ ಗೊಂಬೆ ಸ್ಟಿಂಕಿ ಪೀಟ್, ಆಂಡಿ ಎಂಬ ಹುಡುಗನ ನೆಚ್ಚಿನ ಕೌಬಾಯ್ ಗೊಂಬೆ ವುಡಿಯನ್ನು ಚುಚ್ಚುವುದು ಒಂದೇ ಮಾತಿನಿಂದ: ಆಂಡಿ ನಿನ್ನನ್ನು ಕಾಲೇಜಿಗೆ ಕರೆದುಕೊಂಡು ಹೋಗುತ್ತಾನಾ? 2010ರ ಮೂರನೆಯ ಚಿತ್ರ ಶುರುವಾಗುವುದೇ ಆಂಡಿ ಕಾಲೇಜಿಗೆ ಹೊರಡುವಾಗ. ಹನ್ನೊಂದು ವರ್ಷ ತಡವಾಗಿ ಬಂದರೂ ಉತ್ತರ ನೇರ. ಕೊನೆಯಲ್ಲಿ ಆಂಡಿ ಒಂದೊಂದೇ ಗೊಂಬೆಯನ್ನು ಪರಿಚಯಿಸಿ ಬಾನಿ ಎಂಬ ಪುಟ್ಟ ಹುಡುಗಿಯ ಕೈಗಿಡುತ್ತಾನೆ. ವುಡಿಯ ಸರದಿ ಬಂದು ಆಕೆ ಕೈ ಚಾಚಿದಾಗ ಮಾತ್ರ ಆಂಡಿಯ ಕೈ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಅರ್ಧ ಕ್ಷಣವೂ ಇಲ್ಲದ ಆ ಹಿಂಜರಿತದಲ್ಲೇ ಇಡೀ ಚಿತ್ರ ಇದೆ. 1995ರಲ್ಲಿ ಪುಟ್ಟ ಆಂಡಿಗೆ ದನಿ ಕೊಟ್ಟ ಜಾನ್ ಮಾರಿಸ್ ಅವರೇ ಇಲ್ಲಿಯೂ ದನಿ ಕೊಟ್ಟಿದ್ದಾರೆ, ಹುಡುಗ ನಿಜವಾಗಿಯೂ ಬೆಳೆದಿದ್ದಾನೆ. ಲೀ ಅಂಕ್ರಿಚ್ ನಿರ್ದೇಶನದ ಈ ಚಿತ್ರ ನೂರು ಕೋಟಿ ಡಾಲರ್ ಗಳಿಕೆ ದಾಟಿದ ಮೊದಲ ಅನಿಮೇಶನ್ ಚಿತ್ರ. ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರದ ಪಟ್ಟಿಗೂ ಏರಿತ್ತು.

2019ರ ನಾಲ್ಕನೆಯದರಲ್ಲಿ ಪ್ರಶ್ನೆಯೇ ಬದಲಾಗಿದೆ. ಮಗುವಿಗೆ ಬೇಡವಾದ ಮೇಲೆ ಗೊಂಬೆ ಯಾರಿಗಾಗಿ ಬಾಳಬೇಕು? ಬಾನಿ ವುಡಿಯನ್ನು ಕಪಾಟಿನಲ್ಲೇ ಬಿಡುತ್ತಾಳೆ. ಅವನ ಮೈಮೇಲೆ ದೂಳು ಕೂರುತ್ತದೆ. ಅವಳು ಕಸದಿಂದ ಆರಿಸಿ ಮಾಡಿದ ಫೋರ್ಕಿ ಎಂಬ ಗೊಂಬೆಯನ್ನು ಕಾಯುವುದೇ ಅವನಿಗೆ ಕಾಯಕವಾಗುತ್ತದೆ. ಹಳೆಯ ಗೆಳತಿ ಬೋ ಪೀಪ್ ಮತ್ತೆ ಸಿಗುತ್ತಾಳೆ, ಈ ಬಾರಿ ಯಾರ ಹಂಗೂ ಇಲ್ಲದವಳಾಗಿ. ಪ್ರಶ್ನೆ ಒಳ್ಳೆಯದೇ. ನಿವೃತ್ತಿಯ ಹೊಸ್ತಿಲಲ್ಲಿರುವವರಿಗೆ, ಮಕ್ಕಳು ಮನೆಬಿಟ್ಟು ದೂರ ಹೋಗಿರುವ ತಂದೆತಾಯಿಗೆ ಇದು ಮೂರನೆಯದಕ್ಕಿಂತ ಹತ್ತಿರವಾಗಬಹುದು.

ತೊಡಕು ಬೇರೆ ಕಡೆ ಇದೆ. ಎರಡನೆಯ ಚಿತ್ರ ಮುಗಿಯುವುದು, ಎಲ್ಲ ಮುಗಿದ ದಿನವೂ ಜತೆಗೆ ಗೆಳೆಯ ಬಜ್ ಇರುತ್ತಾನೆ ಎಂದು ವುಡಿ ಹೇಳುವಲ್ಲಿ. ನಾಲ್ಕನೆಯದು ಅವರಿಬ್ಬರನ್ನೇ ಬೇರೆ ಮಾಡುತ್ತದೆ. ಆ ಹಳೆಯ ಮಾತನ್ನು ಚಿತ್ರ ನೆನಪಿಸಿಕೊಂಡು ಮುರಿದಿದ್ದರೆ ಒಪ್ಪಬಹುದಿತ್ತು, ಆದರೆ ನೆನಪಿಸಿಕೊಳ್ಳುವುದೇ ಇಲ್ಲ. ಬಜ್ ತನ್ನ ಎದೆಯ ಗುಂಡಿ ಒತ್ತಿ 'ಒಳದನಿ' ಕೇಳುವ ತಮಾಷೆಗೇ ಸೀಮಿತನಾಗಿದ್ದಾನೆ. ಜೆಸ್ಸಿಗೆ ವುಡಿಯ ಶೆರಿಫ್ ಬಿಲ್ಲೆ ಸಿಗುತ್ತದೆ, ಕೆಲಸ ಸಿಗುವುದಿಲ್ಲ. ರೆಕ್ಸ್, ಹ್ಯಾಮ್ ಗಾಡಿಯಲ್ಲಿ ಕೂತೇ ಇರುತ್ತಾರೆ. ಮೂರನೆಯ ಅಳತೆಯಲ್ಲಿ ಇದು ಸ್ಪಷ್ಟವಾಗಿ ಸೋಲುತ್ತದೆ.

ಹಾಗಾದರೆ? ಮೂರಕ್ಕೆ ನಿಲ್ಲಿಸಿದವರಿಗೆ ಏನೂ ನಷ್ಟವಿಲ್ಲ. ನಾಲ್ಕನೆಯದನ್ನು ನೋಡುವುದಾದರೆ ಮೂರು ನೋಡಿದ ಮರುದಿನವೇ ಬೇಡ, ಕೆಲವು ವಾರ ಕಳೆಯಲಿ. ಬೆನ್ನಿಗೇ ನೋಡಿದರೆ, ಆಂಡಿ ಅಷ್ಟು ನಂಬಿ ಒಪ್ಪಿಸಿದ ಬಾನಿ ವುಡಿಯನ್ನು ಮರೆತಳಲ್ಲ ಎಂಬ ಸಿಟ್ಟೇ ಮುಂದಾಗಿ ಉಳಿದ ಒಳ್ಳೆಯದು ಕಾಣುವುದಿಲ್ಲ. ಅಂದಹಾಗೆ, ಅತ್ಯುತ್ತಮ ಅನಿಮೇಶನ್ ಚಿತ್ರದ ಆಸ್ಕರ್‌ನಲ್ಲಿ ಮೊದಲ ಡ್ರ್ಯಾಗನ್ ಚಿತ್ರ ಸೋತದ್ದು 'ಟಾಯ್ ಸ್ಟೋರಿ 3'ಕ್ಕೆ, ಕೊನೆಯ ಡ್ರ್ಯಾಗನ್ ಚಿತ್ರ ಸೋತದ್ದು 'ಟಾಯ್ ಸ್ಟೋರಿ 4'ಕ್ಕೆ. ಮೊದಲ ತೀರ್ಪಿಗೆ ತಕರಾರಿಲ್ಲ. ಎರಡನೆಯದಕ್ಕೆ ಇದೆ.

'ಕುಂಗ್ ಫು ಪಾಂಡ': ಮೂರರಲ್ಲಿ ಮುಗಿದಿದೆ

2008ರ ಮೊದಲ ಚಿತ್ರದಲ್ಲಿ ನೂಡಲ್ಸ್ ಅಂಗಡಿಯ ಪೋ 'ನಾನು ಯಾರು' ಎಂದು ಹುಡುಕುತ್ತಾನೆ. 2011ರ ಎರಡನೆಯದು ಹೆತ್ತವರ ಗಾಯವನ್ನು ಕೆದಕುತ್ತದೆ, ಅದರ ಕೊನೆಯ ದೃಶ್ಯ ಹೆತ್ತ ತಂದೆ ಬದುಕಿದ್ದಾನೆಂದು ತೋರಿಸುತ್ತದೆ. 2016ರ ಮೂರನೆಯದರಲ್ಲಿ ಸಾಕಿದ ಅಪ್ಪ, ಹೆತ್ತ ಅಪ್ಪ ಎದುರುಬದುರಾಗುತ್ತಾರೆ. ಶಿಷ್ಯ ಗುರುವಾಗುತ್ತಾನೆ. ಪೋ ಇಬ್ಬರಿಗೂ ಮಗ, ಪಾಂಡವೂ ಹೌದು, ಡ್ರ್ಯಾಗನ್ ವಾರಿಯರೂ ಹೌದು. ಪ್ರಶ್ನೆ ಬಗೆಹರಿಯಿತು. 'ಕೈ' ಎಂಬ ಹೆಸರಿನ ಖಳ ಎರಡನೆಯದರ ಖಳ ಶೆನ್‌ನಷ್ಟು ಕಾಡುವುದಿಲ್ಲ, ನಗೆ ಕೆಲವೆಡೆ ಹೆಚ್ಚಾಯಿತು. ಆದರೂ ಮುಕ್ತಾಯ ಮುಕ್ತಾಯವೇ.

2024ರ ನಾಲ್ಕನೆಯದನ್ನು ಸುಮಾರು 8.5 ಕೋಟಿ ಡಾಲರ್‌ನಲ್ಲಿ ಮುಗಿಸಿದ್ದಾರೆ, ಮೂರನೆಯದಕ್ಕೆ ಆದ ಖರ್ಚು 14 ಕೋಟಿಯ ಆಸುಪಾಸು. ಟೈಗ್ರೆಸ್ ಮತ್ತು ಸಂಗಡಿಗರಾದ ಐವರು ವೀರರನ್ನು ಬೇರೆ ಬೇರೆ ಕೆಲಸದ ಮೇಲೆ ಊರಾಚೆ ಕಳಿಸಿಬಿಟ್ಟಿದ್ದಾರೆ. ಪೋ ಜತೆ ಜೆನ್ ಎಂಬ ನರಿ ಹೊರಡುತ್ತದೆ. ಮೊದಲ ಚಿತ್ರದ ಖಳ ತೈ ಲಂಗ್‌ನನ್ನು ಮತ್ತೆ ಕರೆತಂದು, ಅವನ ಎದುರು ಹೊಸ ಖಳ ಗೋಸುಂಬೆಯನ್ನೇ ಸಣ್ಣದಾಗಿ ಮಾಡಿದ್ದಾರೆ. ಹೊಸ ಉತ್ತರಾಧಿಕಾರಿಯನ್ನು ನಿಲ್ಲಿಸುವುದಕ್ಕಾಗಿ ಮಾಡಿದ ಚಿತ್ರ ಎಂಬುದು ಎದ್ದು ಕಾಣುತ್ತದೆ. ಎರಡೂ ಅಪ್ಪಂದಿರ ಜೋಡಿ ಮಾತ್ರ ಸೊಗಸು. ಮಕ್ಕಳ ಮಧ್ಯಾಹ್ನಕ್ಕೆ ಸಾಕು, ಸರಣಿಯ ಅಂತ್ಯವೆಂದು ಎಣಿಸಬೇಡಿ.

'ಶ್ರೆಕ್': ಮೂರನೆಯದನ್ನು ಬಿಟ್ಟು ನಾಲ್ಕಕ್ಕೆ ಜಿಗಿಯಿರಿ

ಮೂರನೆಯದು (2007) ಸರಣಿಯಲ್ಲೇ ಸೊರಗಿದ್ದು. ನಾಲ್ಕನೆಯದು ಅದರಿಂದ ಎತ್ತಿಕೊಳ್ಳುವುದು ಶ್ರೆಕ್‌ಗೆ ಮೂವರು ಮಕ್ಕಳು ಎಂಬ ಒಂದೇ ಸಂಗತಿಯನ್ನು, ಅದನ್ನು ಹೇಳಿಕೊಟ್ಟು ಮುಂದೆ ಹೋಗಬಹುದು. ಸಂಸಾರದಲ್ಲಿ ಬೇಸತ್ತ ಶ್ರೆಕ್, ಮಾಯಾವಿ ರಂಪೆಲ್‌ಸ್ಟಿಲ್ಟ್‌ಸ್ಕಿನ್ ಒಡ್ಡಿದ ಕರಾರಿಗೆ ರುಜು ಹಾಕಿ, ತಾನು ಹುಟ್ಟಿದ ದಿನವನ್ನೇ ಕಳೆದುಕೊಳ್ಳುತ್ತಾನೆ. ಅವನೇ ಹುಟ್ಟದ ಲೋಕದಲ್ಲಿ ಅವನ ಹೆಂಡತಿಯಾಗಬೇಕಿದ್ದ ಫಿಯೋನಾ ಯಾರ ದಾರಿಯೂ ಕಾಯದೆ ದಂಡು ಕಟ್ಟಿದ್ದಾಳೆ. ಆ ಫಿಯೋನಾಳೇ ಈ ಚಿತ್ರದ ಜೀವ. ಆದರೆ ಕರಾರು ಮುರಿದ ಕೂಡಲೇ ಎಲ್ಲವೂ ಹುಟ್ಟುಹಬ್ಬದ ಮನೆಗೇ ವಾಪಸ್ ಬರುವುದರಿಂದ ಎರಡನೆಯ ಅಳತೆಯಲ್ಲಿ ಕೈಗೆ ಏನೂ ಹತ್ತುವುದಿಲ್ಲ. ಮೊದಲೆರಡರ ಚುರುಕು ಬೇಡುವವರಿಗೆ ನಿರಾಶೆ ಖಂಡಿತ, ಮೂರನೆಯದರ ಬೇಸರ ಕಳೆಯಲು ಸಾಕು. ಇದರ ನಿರ್ದೇಶಕ ಮೈಕ್ ಮಿಚೆಲ್ ಅವರೇ 'ಕುಂಗ್ ಫು ಪಾಂಡ 4'ಕ್ಕೂ ನಿರ್ದೇಶಕರು, ಎರಡರಲ್ಲೂ ಓಟ ಚೆನ್ನಾಗಿದೆ, ತೂಕ ಕಡಿಮೆ.

ಯಾರಿಗೆ ಯಾವುದು

ಪೂರ್ತಿ ಸರಣಿ ನೋಡಿ ತೃಪ್ತಿಯಿಂದ ಏಳಬೇಕು ಎನ್ನುವವರಿಗೆ ಡ್ರ್ಯಾಗನ್ ಸರಣಿಯ ಮೂರೂ, ಇಲ್ಲವೇ 'ಟಾಯ್ ಸ್ಟೋರಿ' ಮೊದಲ ಮೂರು. ಹದಿಹರೆಯದ ಮಕ್ಕಳಿದ್ದರೆ ಡ್ರ್ಯಾಗನ್ ಮೊದಲು. ಅದರ ನಾಯಕ ಚಿತ್ರದಿಂದ ಚಿತ್ರಕ್ಕೆ ಬೆಳೆಯುತ್ತಾನೆ. ಮಕ್ಕಳು ಓದಿಗಾಗಿ ಮನೆ ಬಿಡುವ ವರ್ಷವಾದರೆ 'ಟಾಯ್ ಸ್ಟೋರಿ 3', ಕರವಸ್ತ್ರ ದೊಡ್ಡವರಿಗೆ ಬೇಕಾಗುತ್ತದೆ.

ಐದಾರು ವರ್ಷದ ಕೆಳಗಿನ ಮಕ್ಕಳಿದ್ದಲ್ಲಿ ಎಚ್ಚರ ಬೇಕು. 'ಟಾಯ್ ಸ್ಟೋರಿ 3'ರ ಕೊನೆಯ ಅರ್ಧ ಗಂಟೆಯಲ್ಲಿ ಕಸ ಸುಡುವ ಕುಲುಮೆಯ ದೃಶ್ಯವಿದೆ, ನಾಲ್ಕನೆಯದರಲ್ಲಿ ಹಳೆ ಸಾಮಾನಿನ ಅಂಗಡಿಯ ಕಾವಲು ಗೊಂಬೆಗಳಿವೆ. ಕೆಲವು ಮಕ್ಕಳು ರಾತ್ರಿ ಅದನ್ನೇ ಕನವರಿಸುತ್ತಾರೆ. ಎರಡನೆಯ ಡ್ರ್ಯಾಗನ್ ಚಿತ್ರದಲ್ಲಿ ಒಂದು ಸಾವಿದೆ, ತಪ್ಪಿಸಲಾಗದು, ಮೂರನೆಯದಕ್ಕೆ ಅದೇ ಬುನಾದಿ. ಈ ವಯಸ್ಸಿಗೆ 'ಕುಂಗ್ ಫು ಪಾಂಡ' ಒಂದು ಮತ್ತು ಮೂರು ಹಗುರ. 'ಶ್ರೆಕ್'ನ ಅನೇಕ ನಗೆಮಾತು ದೊಡ್ಡವರಿಗಾಗಿ ಬರೆದದ್ದು, ಮಕ್ಕಳು ಅರ್ಥ ಕೇಳಿದರೆ ನೀವೇ ತಡಬಡಾಯಿಸಬೇಕು.

ಒಂದೇ ಸಂಜೆ, ಒಂದೇ ಚಿತ್ರ, ಹಿಂದಿನದು ನೋಡಿದ ನೆನಪಿಲ್ಲ ಎನ್ನುವವರು 'ಕುಂಗ್ ಫು ಪಾಂಡ 4' ಅಥವಾ 'ಶ್ರೆಕ್ ಫಾರೆವರ್ ಆಫ್ಟರ್' ಹಾಕಿಕೊಳ್ಳಿ, ಎರಡೂ ಒಂಟಿಯಾಗಿ ನಿಲ್ಲುತ್ತವೆ. ತಮಾಷೆಯೆಂದರೆ ಸರಣಿಯ ಅಂತ್ಯವಾಗಿ ಅವು ಸೋಲುವುದಕ್ಕೂ ಅದೇ ಕಾರಣ. 'ದಿ ಹಿಡನ್ ವರ್ಲ್ಡ್' ಅನ್ನು ಮಾತ್ರ ಹೀಗೆ ನೋಡಬೇಡಿ. ಎರಡನೆಯದು ನೋಡದೆ ಕೂತರೆ ಯಾರು ಯಾರ ನಾಯಕ ಎಂಬುದೇ ಗೊತ್ತಾಗದೆ ಮೊದಲ ಕಾಲು ಗಂಟೆ ಕೈಜಾರುತ್ತದೆ.

ಹೊತ್ತು, ದುಡ್ಡು, ಪರದೆ

ಡ್ರ್ಯಾಗನ್ ಮೂರೂ ಸೇರಿ ಸುಮಾರು ಐದು ಗಂಟೆ. 'ಟಾಯ್ ಸ್ಟೋರಿ' ಮೂರಕ್ಕೆ ನಿಲ್ಲಿಸಿದರೆ ನಾಲ್ಕೂವರೆ ಗಂಟೆ, ನಾಲ್ಕೂ ಆದರೆ ಆರೂಕಾಲು. 'ಕುಂಗ್ ಫು ಪಾಂಡ' ಮೂರಕ್ಕೂ ನಾಲ್ಕೂವರೆಯ ಮೇಲೆ ಸ್ವಲ್ಪ. 'ಶ್ರೆಕ್' ಒಂದು, ಎರಡು, ನಾಲ್ಕು ಆದರೆ ನಾಲ್ಕೂವರೆ ಗಂಟೆ. ಡ್ರ್ಯಾಗನ್ ಹೆಸರಿನಲ್ಲಿ ಟಿವಿ ಸರಣಿಗಳೂ ಇವೆ. 'ರೇಸ್ ಟು ದಿ ಎಡ್ಜ್' ಮೊದಲೆರಡು ಚಿತ್ರಗಳ ನಡುವಿನ ಕಾಲದ್ದು, ನೋಡದಿದ್ದರೂ ಎಳೆ ತಪ್ಪುವುದಿಲ್ಲ. 2019ರ 'ಹೋಮ್‌ಕಮಿಂಗ್' ಎಂಬ 22 ನಿಮಿಷದ ಕಂತನ್ನು ಮೂರನೆಯ ಚಿತ್ರ ಮುಗಿದ ಮೇಲೆ ನೋಡಿ, ಮುಂಚೆ ಬೇಡ. 2025ರ ಡ್ರ್ಯಾಗನ್ ಚಿತ್ರ ಮೊದಲನೆಯದನ್ನೇ ನಟರನ್ನಿಟ್ಟು ಮತ್ತೆ ತೆಗೆದದ್ದು, ಅದು ಕತೆಯ ಮುಂದುವರಿಕೆ ಎಂದುಕೊಂಡು ಬಾಡಿಗೆ ಕೊಡಬೇಡಿ.

ದುಡ್ಡಿನ ವಿಷಯದಲ್ಲಿ 'ಟಾಯ್ ಸ್ಟೋರಿ' ಸುಲಭ. ಎಲ್ಲವೂ ಡಿಸ್ನಿಯವೇ ಆದ್ದರಿಂದ ಸಾಮಾನ್ಯವಾಗಿ ಒಂದೇ ಚಂದಾದಲ್ಲಿ ಸಿಗುತ್ತವೆ. ಡ್ರ್ಯಾಗನ್‌ನದು ತಲೆನೋವು: ಮೊದಲನೆಯದನ್ನು ಹಂಚಿದ್ದು ಪ್ಯಾರಾಮೌಂಟ್, ಎರಡನೆಯದನ್ನು ಫಾಕ್ಸ್, 2016ರಲ್ಲಿ ಡ್ರೀಮ್‌ವರ್ಕ್ಸ್ ಮಾಲೀಕತ್ವ ಕೈಬದಲಾದ ಮೇಲೆ ಮೂರನೆಯದನ್ನು ಯೂನಿವರ್ಸಲ್. ಆಮೇಲೆ ಹಕ್ಕುಗಳು ಯೂನಿವರ್ಸಲ್ ಕೈಸೇರಿದರೂ, ಮೂರೂ ಒಂದೇ ಓಟಿಟಿಯಲ್ಲಿ ಸಿಗುತ್ತವೆ ಎಂದು ನಂಬಿ ಚಂದಾ ಕಟ್ಟಬೇಡಿ. ಮೊದಲು ಮೂರರ ಹೆಸರನ್ನೂ ಬೇರೆ ಬೇರೆಯಾಗಿ ಹುಡುಕಿ. ಒಂದು ಸಿಗದಿದ್ದರೆ ಅದನ್ನಷ್ಟೇ ಬಾಡಿಗೆಗೆ ತೆಗೆದುಕೊಂಡರೆ ಅಗ್ಗ. ಬಾಡಿಗೆ ಚಿತ್ರಗಳಿಗೆ ಎರಡು ಗಡುವು ಇರುತ್ತವೆ, ಪ್ಲೇ ಒತ್ತುವುದಕ್ಕೆ ಒಂದು, ಒತ್ತಿದ ಮೇಲೆ ಮುಗಿಸುವುದಕ್ಕೆ ಇನ್ನೊಂದು. ಎರಡನೆಯದು ಚಿಕ್ಕದು. ಹಾಗಾಗಿ ಮೂರನ್ನೂ ಒಮ್ಮೆಗೇ ಶುರುಮಾಡಿಡಬೇಡಿ.

'ದಿ ಹಿಡನ್ ವರ್ಲ್ಡ್'ನ ಅರ್ಧ ಭಾಗ ಕತ್ತಲು ಮತ್ತು ಮಂಜಿನಲ್ಲಿ ನಡೆಯುತ್ತದೆ. ಹಗಲು ಕಿಟಕಿ ತೆರೆದಿಟ್ಟರೆ ಮಸಿ ಬಳಿದಂತೆ ಕಾಣುತ್ತದೆ, ಫೋನಿನಲ್ಲಂತೂ ವ್ಯರ್ಥ. ಟಿವಿಯ ಮೋಷನ್ ಸ್ಮೂದಿಂಗ್ (ಚಲನೆಯನ್ನು ಕೃತಕವಾಗಿ ನಯಗೊಳಿಸುವ ಆಯ್ಕೆ) ಆಫ್ ಮಾಡಿ, ಇಲ್ಲದಿದ್ದರೆ ಹಾರಾಟದ ದೃಶ್ಯಗಳು ವಿಡಿಯೋ ಗೇಮಿನಂತೆ ಜಾರುತ್ತವೆ. ಜಾನ್ ಪವೆಲ್ ಸಂಗೀತ ಮೊದಲ ಚಿತ್ರದ ರಾಗಗಳನ್ನು ಮೂರನೆಯದರಲ್ಲಿ ನಿಧಾನವಾಗಿ ಹಿಂದಕ್ಕೆ ತರುತ್ತದೆ, ಟಿವಿಯ ಸ್ವಂತ ಸ್ಪೀಕರ್ ಸಣ್ಣದಿದ್ದರೆ ಒಂದು ಸಾಧಾರಣ ಬ್ಲೂಟೂತ್ ಸ್ಪೀಕರ್ ಆದರೂ ಸೇರಿಸಿ, ಆದರೆ ಮಾತು ಮತ್ತು ತುಟಿಯಾಟ ಹೊಂದುತ್ತಿದೆಯೇ ಎಂದು ಮೊದಲ ಎರಡು ನಿಮಿಷ ನೋಡಿಕೊಳ್ಳಿ. ಹೊಂದದಿದ್ದರೆ ಟಿವಿಯ ಆಡಿಯೋ ಸೆಟ್ಟಿಂಗ್‌ನಲ್ಲಿ ವಿಳಂಬ ಸರಿಮಾಡುವ ಆಯ್ಕೆ ಇರುತ್ತದೆ, ಅದೂ ಇಲ್ಲದಿದ್ದರೆ ವೈರ್ ಹಾಕುವುದೇ ವಾಸಿ.